ಎಂಟನೆಯ ಹಾಡಿನ ಕೊನೆಯ ಮೂವತ್ತೆಂಟು ಸೆಕೆಂಡು

ಇಬ್ಬರನ್ನೂ ಒಟ್ಟಿಗೇ ಕರೆದದ್ದು ಯಾಕೆ ಎಂಬ ಪ್ರಶ್ನೆ ಬೆಳಿಗ್ಗೆ ಹಲ್ಲುಜ್ಜುವಾಗಿನಿಂದ ಅವನ ತಲೆ ತಿನ್ನುತ್ತಿತ್ತು. ಒಬ್ಬೊಬ್ಬರನ್ನಾಗಿ ಕರೆಯಬಹುದಿತ್ತು, ಫೋನಿನಲ್ಲೇ ಕೇಳಿ ಮುಗಿಸಬಹುದಿತ್ತು. ಪುಸ್ತಿಕೆ ಬರೆಯುತ್ತಿರುವ ಹೆಂಗಸು ಮೂರು ದಿನದ ಹಿಂದೆ ಫೋನು ಮಾಡಿ, "‘ಮನೆಯೊಳಗಿನ ಕೊಡೆ’ ಆಲ್ಬಮ್ ಬಂದು ನಲವತ್ತು ವರ್ಷ ಆಯ್ತಲ್ಲ ಸರ್, ಕಂಪನಿಯೋರು ಮತ್ತೆ ಹೊರಗೆ ತರ್ತಿದ್ದಾರೆ. ಜೊತೆಗೆ ಒಂದು ಪುಸ್ತಿಕೆ, ಪ್ರತಿಯೊಂದು ಹಾಡಿನ ಹಿಂದಿನ ಕಥೆ. ಮೂಲ ಟೇಪು ಸಿಕ್ಕಿದೆ. ಮಿಕ್ಕ ಹಾಡುಗಳಿಗೆ ನೀವೊಬ್ರೇ ಸಾಕು. ಎಂಟನೇದಕ್ಕೆ ಮಾತ್ರ ನಿಮ್ಮ ಭಾವಮೈದುನರೂ ಇರ್ಲೇಬೇಕು" ಎಂದಿದ್ದಳು. ಇರಲೇಬೇಕು ಅಂದರೇನು? ಟೇಪು ಎಲ್ಲಿ ಸಿಕ್ಕಿತು, ಸಿಕ್ಕಿದ್ದನ್ನು ಕೇಳಿದ್ದಾಳೋ ಇಲ್ಲವೋ, ಕೇಳಿದ್ದರೆ ಎಷ್ಟು ಕೇಳಿದ್ದಾಳೆ? ಬಾಯಿ ತುಂಬ ನೊರೆ ಇಟ್ಟುಕೊಂಡು ಅವನು ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತಿದ್ದನೋ, ಹೆಂಡತಿ ಬಂದು ಬಾಗಿಲು ತಟ್ಟಿದಳು. ಎರಡು ಸಲ ತಟ್ಟಿ ನಿಲ್ಲಿಸಿದಳು. ಮೂರನೆಯದು ಬರುತ್ತದೆಂದು ಕಾದ, ಬರಲಿಲ್ಲ. ಅಕ್ಕನೂ ತಮ್ಮನ ಹಾಗೆಯೇ, ನಡುವೆ ನಿಲ್ಲಿಸುತ್ತಾಳೆ ಎಂದುಕೊಂಡು ಬಾಯಿ ಮುಕ್ಕಳಿಸಿದ.

ಅಂಗಿಗೆ ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ತಗುಲಿಸಿದ್ದಳು. ನಿವೃತ್ತಿಯಾದ ಮೇಲೆ ಅವನ ಅಂಗಿಗೆ ಇಸ್ತ್ರಿ ಬಿದ್ದದ್ದು ಸಾವಿಗೆ ಮತ್ತು ಬ್ಯಾಂಕಿಗೆ ಹೋಗುವಾಗ ಮಾತ್ರ. "ಏನೂ ಮುಚ್ಚಿಡ್ಬೇಡಿ, ಎಲ್ಲಾ ಹೇಳ್ಬಿಡಿ" ಎಂದಳು, ಕಾಲರನ್ನು ಸರಿಮಾಡುತ್ತ. "ಹಾಡಿದವರೂ ಹೋದ್ರು, ನಿಮ್ಮ ಸ್ಟುಡಿಯೊ ಯಜಮಾನ್ರೂ ಹೋದ್ರು. ಇನ್ನು ನಿಮಗೊಬ್ರಿಗೇ ತಾನೆ ಗೊತ್ತಿರೋದು." ಅವಳ ಮುಖವನ್ನು ಅವನು ಓರೆಗಣ್ಣಿನಲ್ಲಿ ಪರೀಕ್ಷಿಸಿದ. ಹಾಲು ಉಕ್ಕುತ್ತದೆಯೇನೋ ಎಂದು ಅಡುಗೆಮನೆಯ ಕಡೆ ಕಿವಿಯಿಟ್ಟ ಸಾಧಾರಣ ಮುಖ. ಆದರೆ ಮೂವತ್ತೊಂಬತ್ತು ವರ್ಷ ಒಬ್ಬಳ ಜೊತೆ ಬದುಕಿದವನಿಗೆ ಸಾಧಾರಣ ಮುಖದ ಮೇಲೆಯೇ ಹೆಚ್ಚು ಅನುಮಾನ. ಮುಚ್ಚಿಡಬೇಡಿ ಎಂಬ ಮಾತು ಸುಮ್ಮಸುಮ್ಮನೆ ಯಾರ ಬಾಯಲ್ಲೂ ಬರುವುದಿಲ್ಲ. ಅವಳಿಗೆ ಗೊತ್ತಿದ್ದರೆ ಎಂದಿನಿಂದ ಗೊತ್ತು? ಮದುವೆಗೆ ಮುಂಚಿನಿಂದಲೋ? ಗೊತ್ತಿದ್ದೂ ಮದುವೆಯಾದಳೋ?

ಭಾವಮೈದುನ ಬಸ್ ನಿಲ್ದಾಣದಲ್ಲಿ ಆಗಲೇ ನಿಂತಿದ್ದ. ಕಿಟಕಿಗಳಿಗೆ ಗಾಜು ಕೂರಿಸುವುದು ಅವನ ಕೆಲಸ, ಅರವತ್ತೆರಡಾದರೂ ಬಿಟ್ಟಿರಲಿಲ್ಲ. ಗಾಜಿನವರ ಬೆರಳುಗಳಲ್ಲಿ ಇರುವ ಸಣ್ಣಪುಟ್ಟ ಗೆರೆಗಳನ್ನು ಬಿಟ್ಟರೆ ಕೈಗಳು ಅಲುಗಾಡದೆ ಹಿಡಿತದಲ್ಲಿದ್ದವು. ಒಂದು ಕಾಲದಲ್ಲಿ ಅದೇ ಕೈಗಳು ಡ್ರಮ್ಸ್ ಬಾರಿಸುತ್ತಿದ್ದವು, ಮತ್ತು ಅಲುಗಾಡುತ್ತಿದ್ದವು. "ಬಂದ್ರಾ ಭಾವ, ನೀವು ಬರ್ತೀರೋ ಇಲ್ವೋ ಅಂತಿದ್ದೆ" ಎಂದು ನಕ್ಕ. ಬರುವುದಿಲ್ಲ ಎಂದು ಮೈದುನನಿಗೆ ಯಾಕನ್ನಿಸಬೇಕು? ಬಸ್ಸಿನಲ್ಲಿ ಅಕ್ಕಪಕ್ಕ ಕೂತರು. ಎರಡು ನಿಲ್ದಾಣ ಕಳೆಯುವಷ್ಟರಲ್ಲಿ ಮೈದುನನ ಬೆರಳುಗಳು ಮಂಡಿಯ ಮೇಲೆ ಶುರುಮಾಡಿಕೊಂಡವು. ಅವನಿಗೆ ಅದು ಯಾವ ಹಾಡು ಎಂದು ನೋಡಬೇಕಾಗಿಯೇ ಇರಲಿಲ್ಲ.

ಪ್ರತಿ ಭಾನುವಾರ ಮಧ್ಯಾಹ್ನ ಮೈದುನ ಊಟಕ್ಕೆ ಬರುತ್ತಾನೆ. ಮದುವೆಯಾಗಲಿಲ್ಲ, ಬೇರೆ ಮನೆಯೂ ಇಲ್ಲ ಹೋಗಿ ಉಣ್ಣಲು. ಅಕ್ಕ ಬಡಿಸುವ ತನಕ ಎರಡು ಚಮಚ ಹಿಡಿದು ಮೇಜಿನ ಅಂಚಿನಲ್ಲಿ ಎಂಟನೆಯ ಹಾಡನ್ನು ಬಾರಿಸುತ್ತಾನೆ, ಮೆಲ್ಲಗೆ, ತಟ್ಟೆಗೂ ಕೇಳದಷ್ಟು. ಕೊನೆಯ ಚರಣ ಶುರುವಾಗಿ ಎರಡನೆಯ ಸಾಲು ಮುಗಿಯುವ ಜಾಗದಲ್ಲಿ ನಿಲ್ಲಿಸುತ್ತಾನೆ. ಚಮಚ ಮೇಲೆತ್ತಿದ್ದು ಮೇಲೆಯೇ ಇರುತ್ತದೆ. ತಲೆ ಎತ್ತಿ ಭಾವನನ್ನು ನೋಡುತ್ತಾನೆ. ಆಮೇಲೆ ಚಮಚ ಕೆಳಗಿಟ್ಟು, "ಇವತ್ತೇನಕ್ಕಾ ಇಷ್ಟು ಘಮಘಮ" ಎನ್ನುತ್ತಾನೆ. ಒಂದು ಭಾನುವಾರವಲ್ಲ, ಎರಡು ಸಾವಿರ ಭಾನುವಾರ. ಜಗತ್ತಿನಲ್ಲಿ ಇದಕ್ಕಿಂತ ಸಾವಕಾಶವಾಗಿ ಯಾರೂ ಯಾರ ಚರ್ಮವನ್ನೂ ಸುಲಿದಿರಲಾರರು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ. ನಿನಗೆ ಗೊತ್ತು, ನನಗೆ ಗೊತ್ತು, ಇಬ್ಬರೂ ಉಣ್ಣೋಣ ಎನ್ನುವ ನೋಟ ಅದು. ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಎಷ್ಟೋ ವಾಸಿಯಿತ್ತು. ಈಗಲೂ ಬಸ್ಸಿನಲ್ಲಿ ಬೆರಳು ಅದೇ ಜಾಗಕ್ಕೆ ಬಂದು ನಿಂತಿತು. ಅವನು ಕಿಟಕಿಯಾಚೆ, ಕಾರು ತೊಳೆಯುತ್ತಿದ್ದ ಯಾರನ್ನೋ ಬಹಳ ಆಸಕ್ತಿಯಿಂದ ನೋಡಿದ.

ಹೊಸ ಸ್ಟುಡಿಯೊ ಮೂರನೆಯ ಮಹಡಿಯಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲೆ. ಹಳೆಯದು ಈಗ ಮಂಚ ಮಾರುವ ಅಂಗಡಿಯಾಗಿದೆ. ಬೊಕ್ಕತಲೆಯ ಇಂಜಿನಿಯರ್ ಬಾಗಿಲಲ್ಲೇ ಕೈಹಿಡಿದು, "ಟೇಪಣ್ಣ ಅಂದ್ರೆ ನೀವೇನಾ? ನಿಮ್ಮ ಹೆಸರು ಕೇಳ್ಕೊಂಡೇ ನಾವೆಲ್ಲ ಈ ಕೆಲಸ ಕಲ್ತಿದ್ದು" ಎಂದ. ಯಾರಿಂದ ಕೇಳಿದ, ಏನೆಂದು ಕೇಳಿದ? ಮೂವತ್ತು ವರ್ಷ ಟೇಪ್ ಮಶೀನಿನ ಪಕ್ಕದಲ್ಲಿ ಕೂತವನಿಗೆ ಟೇಪಣ್ಣ ಎಂಬುದು ಪ್ರೀತಿಯ ಹೆಸರೋ ಗೇಲಿಯೋ ಇವತ್ತಿಗೂ ಗೊತ್ತಾಗಿರಲಿಲ್ಲ. ಟೇಪು ತೀರ ಕೆಟ್ಟಿತ್ತಂತೆ, ಅಂಟಂಟಾಗಿತ್ತಂತೆ. ಸಣ್ಣ ಒಲೆಯೊಳಗೆ ಎಂಟು ಗಂಟೆ ಹದವಾದ ಬಿಸಿಯಲ್ಲಿಟ್ಟು ಒಣಗಿಸಿದ ಮೇಲೆ ದಾರಿಗೆ ಬಂತಂತೆ. "ಒಂದು ಸೆಕೆಂಡೂ ಹಾಳಾಗಿಲ್ಲ ಸರ್" ಎಂದು ಇಂಜಿನಿಯರ್ ಹಿಗ್ಗಿದಾಗ ಅವನೂ ಹಲ್ಲುಬಿಟ್ಟ. ಪ್ರತಿ ಸೆಖೆಗಾಲದಲ್ಲೂ, ಗೋಡೆಗೆ ತೇವ ಹತ್ತಿದ ಪ್ರತಿ ಸಲವೂ, ಎಲ್ಲೋ ಒಂದು ಕಪಾಟಿನಲ್ಲಿ ಆ ಟೇಪು ಕೊಳೆಯುತ್ತಿರಲಿ ಎಂದು ಅವನು ಬಯಸಿದ್ದ. ಅದಕ್ಕೆ ಒಲೆ ಹಚ್ಚುವವರೂ ಹುಟ್ಟುತ್ತಾರೆಂದು ಯಾರು ಕಂಡಿದ್ದರು!

ಪುಸ್ತಿಕೆಯ ಹೆಂಗಸು ಮೊದಲು ಫೋಟೊ ತೆಗೆದಳು. ಇಬ್ಬರನ್ನೂ ಮಶೀನಿನ ಪಕ್ಕ ನಿಲ್ಲಿಸಿ ಎರಡು ತೆಗೆದು, "ಸರ್, ನೀವೊಂದ್ ಸ್ವಲ್ಪ ಈಚೆ ಬನ್ನಿ, ಡ್ರಮ್ಸಿನವರು ಒಬ್ರೇ ಇರ್ಲಿ" ಎಂದಳು. ಅವನು ಈಚೆ ಬಂದ. ಇಸ್ತ್ರಿ ಹಾಕಿದ ಅಂಗಿ ಈಚೆ ಬಂತು. ನಗಬೇಕೋ ಬೇಡವೋ ತಿಳಿಯದೆ, ಗೋಡೆಗೆ ಆತುಕೊಂಡು, ಯಾರೂ ಕೇಳದಿದ್ದರೂ "ಹ್ಞಾಂ, ಅವನೊಬ್ನೇ ಇರ್ಲಿ, ಅವನೊಬ್ನೇ ಇರ್ಲಿ" ಎಂದು ಎರಡು ಸಲ ಹೇಳಿದ.

ಏಳು ಹಾಡು ಸರಾಗವಾಗಿ ಹೋದವು. ಅವನಿಗೇ ಆಶ್ಚರ್ಯವಾಗುವಂತೆ ನಾಲಿಗೆ ಸಡಿಲವಾಯಿತು. ಎರಡನೆಯ ಹಾಡಿನ ಆರಂಭದಲ್ಲಿ ಸಮುದ್ರದ ಉಸಿರು ಎಂದು ಜನ ಕೊಂಡಾಡುವ ಸದ್ದು ನಿಜವಾಗಿ ಸ್ಟುಡಿಯೊದ ಕಕ್ಕಸಿನ ಸೋರುವ ತೊಟ್ಟಿಯದು. ಅದನ್ನು ನಿಲ್ಲಿಸಲಾಗದೆ ಯಜಮಾನರು ಹಾಗೇ ಉಳಿಸಿಕೊಂಡರು. ಐದನೆಯದು ಸತ್ತುಹೋದ ಪ್ರೇಯಸಿಯನ್ನು ನೆನೆದು ಬರೆದದ್ದೆಂದು ಎಷ್ಟು ಜನ ಅತ್ತಿದ್ದಾರೋ. ಹಾಡುವವನ ಸೈಕಲ್ಲು ಕಳುವಾದ ವಾರ ಅದು. "ನೀನಿಲ್ಲದೆ ಬೀದಿ ಎಷ್ಟು ಉದ್ದ" ಎಂದರೆ ಮತ್ತೇನರ್ಥ? ಹೆಂಗಸು ನಕ್ಕು ನಕ್ಕು ಬರೆದುಕೊಂಡಳು. ಕಥೆಗಳೆಲ್ಲ ಹೀಗೆಯೇ, ಮುಟ್ಟಿದರೆ ಒಳಗೆ ಒಂದು ಸೋರುವ ತೊಟ್ಟಿ ಇರುತ್ತದೆ ಎಂದು ಅವಳೆಂದಾಗ ಅವನ ನಗು ಅರ್ಧಕ್ಕೆ ನಿಂತಿತು. ಇದು ಪೀಠಿಕೆಯೇ? ತನ್ನನ್ನು ನಗಿಸಿ, ಮೆತ್ತಗೆ ಮಾಡಿ, ಎಂಟನೆಯದಕ್ಕೆ ತಂದು ನಿಲ್ಲಿಸುತ್ತಿದ್ದಾಳೆಯೇ? ಮೈದುನ ಬಾಗಿಲ ಬಳಿಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ. ಆ ಕುರ್ಚಿಯನ್ನು ಬಾಗಿಲಿಗೆ ಅಡ್ಡವಾಗಿ ಹಾಕಿದ್ದು ಯಾರು?

"ಎಂಟನೇದು" ಎಂದಳು. "ಇದಕ್ಕೆ ಇರೋಷ್ಟು ಕಥೆ ಬೇರೆ ಯಾವ ಹಾಡಿಗೂ ಇಲ್ಲ. ಕೊನೇ ಮೂವತ್ತೆಂಟು ಸೆಕೆಂಡು ಎಲ್ಲಾ ವಾದ್ಯ ನಿಂತುಹೋಗುತ್ತೆ, ಬರೀ ದನಿ. ಅದೂ ನಡುಗೋ ದನಿ. ತಾಯಿ ಸತ್ತ ಸುದ್ದಿ ಆಗ ಬಂತು ಅಂತಾರೆ. ಕರೆಂಟು ಹೋಯ್ತು ಅಂತಾರೆ. ಡ್ರಮ್ಸಿನವರಿಗೂ ಹಾಡೋರಿಗೂ ಜಗಳ ಆಗಿ ಇವರು ಕೋಲು ಎಸೆದು ಎದ್ದುಹೋದ್ರು ಅಂತಲೂ ಒಂದಿದೆ."

ಇಂಜಿನಿಯರ್ ಟೇಪನ್ನು ಮುಂದಕ್ಕೋಡಿಸುತ್ತಿದ್ದ. ಚಕ್ರ ಸುತ್ತುವ ಸದ್ದು. ಅದೇ ಸದ್ದು, ನಲವತ್ತು ವರ್ಷದ ಹಿಂದಿನ ಆ ಬೆಳಿಗ್ಗೆ. ಕೆಲಸಕ್ಕೆ ಸೇರಿ ಮೂರು ತಿಂಗಳು. ಮದುವೆ ನಿಶ್ಚಯವಾಗಿ ಹತ್ತು ದಿನ. ಟೇಪಿನ ಅಗಲ ಎಂಟು ಓಣಿಗಳಾಗಿ ಹಂಚಿಹೋಗಿರುತ್ತದೆ, ಟ್ರ್ಯಾಕ್ ಎನ್ನುತ್ತಾರೆ, ಒಂದೊಂದರಲ್ಲಿ ಒಂದೊಂದು ವಾದ್ಯ. ಪ್ರತಿಯೊಂದಕ್ಕೂ ಒಂದು ಗುಂಡಿ, ಒಂದು ಕೆಂಪು ದೀಪ. ದೀಪ ಹತ್ತಿತೋ, ಆ ಓಣಿಯ ಹಳೆಯ ಸದ್ದು ಅಳಿಸಿ ಹೊಸದು ಕೂರುತ್ತದೆ. ಹಿಂದಿನ ದಿನ ತಂಡದವರೆಲ್ಲ ಒಂದೇ ಕೋಣೆಯಲ್ಲಿ ಕೂತು ಎಂಟನೆಯ ಹಾಡನ್ನು ಹನ್ನೊಂದನೆಯ ಸಲ ಬಾರಿಸಿ, ಕೇಳುವ ಚೈತನ್ಯವೂ ಇಲ್ಲದೆ ಎದ್ದು ಹೋಗಿದ್ದರು. ಡ್ರಮ್ಸಿನವನು ಮಧ್ಯಾಹ್ನದಿಂದಲೇ ಕುಡಿದಿದ್ದ, ಆದರೆ ಹನ್ನೊಂದನೆಯದನ್ನು ದೇವರು ಬಂದವನ ಹಾಗೆ ಬಾರಿಸಿದ್ದ. ಯಜಮಾನರು ಹತ್ತನೆಯದಕ್ಕೇ ಬೇಸತ್ತು ಹೊರಗೆ ಹೋಗಿದ್ದರು. ಅದನ್ನು ಕೊನೆಯವರೆಗೆ ಕಿವಿಯಿಟ್ಟು ಕೇಳಿದವನು ಮಶೀನಿನ ಬಳಿ ಕೂತಿದ್ದ ಇವನೊಬ್ಬನೇ. ಮರುದಿನ ಹಾಡುವವನು ಮಾತ್ರ ಬಂದ, ಕೊನೆಯ ಚರಣವನ್ನು ಮೂರನೆಯ ಸಾಲಿನಿಂದ ಮತ್ತೆ ಹಾಡುತ್ತೇನೆಂದ. ಯಜಮಾನರು ಫೋನಿಗೆಂದು ಹೊರಗೆ ಹೋಗಿದ್ದರು. ಇವನು ದನಿಯ ಗುಂಡಿ ಒತ್ತಿದ. ಡ್ರಮ್ಸಿನ ಗುಂಡಿಯನ್ನು ಹಿಂದಿನ ದಿನ ಬಿಡಿಸಿರಲಿಲ್ಲ. ಎರಡು ದೀಪ ಹತ್ತಿದವು. ಎರಡು ಹತ್ತಿವೆ ಎಂದು ಕಣ್ಣಿಗೆ ಕಂಡದ್ದು ಮನಸ್ಸಿಗೆ ತಲುಪುವಷ್ಟರಲ್ಲಿ ಹಾಡು ಮುಗಿದಿತ್ತು. ಗಾಜಿನಾಚೆ ಹಾಡುವವನ ಕಿವಿಯಲ್ಲಿ ಡ್ರಮ್ಸ್ ಇದ್ದಕ್ಕಿದ್ದಂತೆ ಮಾಯವಾಗಿ, ಅವನು ಮೆಟ್ಟಿಲು ತಪ್ಪಿದವನಂತೆ ಒಂದು ಕ್ಷಣ ತಡವರಿಸಿ, ದನಿ ನಡುಗಿ, ಆದರೂ ಬಿಡದೆ ಹಾಡಿದ್ದ. ಆ ನಡುಕವನ್ನೇ ಜನ ನಲವತ್ತು ವರ್ಷದಿಂದ ಪೂಜಿಸುತ್ತಿರುವುದು.

"ಡ್ರಮ್ಸ್ ಎಲ್ಲೋ?" ಎಂದು ಯಜಮಾನರು ಬಾಗಿಲಲ್ಲಿ ನಿಂತು ಕೇಳಿದ್ದರು. "ನಿನ್ನೆ ಅಲ್ಲೇ ನಿಲ್ಲಿಸ್ಬಿಟ್ಟಿದ್ದಾನೆ ಸರ್. ಕುಡಿದಿದ್ದ." ಅಷ್ಟೇ. ಎರಡು ವಾಕ್ಯ. ಎರಡನೆಯದು ನಿಜವೂ ಆಗಿತ್ತು. ಹಿಂದಿನ ದಿನದ ಸುಸ್ತಿನಲ್ಲಿ ಏನೂ ನೆನಪಿಲ್ಲದ ಹಾಡುವವನು ತಲೆಯಾಡಿಸಿದ; ಆಮೇಲೆ ಕೇಳಿದಾಗ, ತನ್ನ ಗಿಟಾರು ಬಿಟ್ಟು ಬೇರೇನನ್ನೂ ಕೇಳಿಸಿಕೊಳ್ಳದ ಗಿಟಾರಿನವನೂ ಇರಬಹುದು ಎಂದ. ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ, ಹಾಗಿದ್ದರೆ ಮಿಕ್ಕದ್ದೂ ಬೇಡ, ದನಿಯೊಂದೇ ಇರಲಿ ಎಂದು ಅಲ್ಲಿಂದ ಮುಂದೆ ಎಲ್ಲವನ್ನೂ ಮುಚ್ಚಿಸಿದರು. ಹಾಡು ಗೆದ್ದಿತು. ಹಾಡಿನ ಮಧ್ಯೆ ಕೈಬಿಟ್ಟವನನ್ನು ನಂಬುವುದು ಹೇಗೆಂದು ತಂಡ ಡ್ರಮ್ಸಿನವನನ್ನು ಆ ವಾರವೇ ಕೈಬಿಟ್ಟಿತು. ಅವನು ಮೆಟ್ಟಿಲ ಮೇಲೆ ಕೂತು, "ನಿಜವಾಗ್ಲೂ ನಿಂತಿತ್ತಾ ಭಾವ? ನನಗೆ ನೆನಪೇ ಇಲ್ಲ" ಎಂದು ಕೇಳಿದ್ದ. ಆಗಿನ್ನೂ ಮದುವೆಯಾಗಿರಲಿಲ್ಲ, ಆದರೂ ಅವನ ಬಾಯಲ್ಲಿ ಅಷ್ಟು ಬೇಗ ಭಾವ ಬಂದಿತ್ತು. ಇವನು, "ನಿಂತಿತ್ತು" ಎಂದಿದ್ದ. ಆ ಹೆದರಿಕೆಗೆ ಮೈದುನ ಕುಡಿಯುವುದನ್ನು ಬಿಟ್ಟ, ಮತ್ತೆ ಮುಟ್ಟಲಿಲ್ಲ. ಈ ಒಂದು ಸಂಗತಿಯನ್ನು ಇವನು ಹೊದ್ದು ಮಲಗದ ರಾತ್ರಿಯಿಲ್ಲ: ನಾನು ಸುಳ್ಳು ಹೇಳಿದ್ದಕ್ಕೇ ಅವನು ಬದುಕಿಕೊಂಡ. ಹೊದಿಕೆ ಚಿಕ್ಕದು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಕಾಲು ಹೊರಗೆ ಬರುತ್ತಿತ್ತು, ಅವನು ಡ್ರಮ್ಸಿನ ಕೋಲನ್ನೂ ಮತ್ತೆ ಮುಟ್ಟಲಿಲ್ಲ ಎನ್ನುವುದು.

ಇಂಜಿನಿಯರ್ ಡ್ರಮ್ಸಿನ ಟ್ರ್ಯಾಕನ್ನು ಮಾತ್ರ ಹಾಕಿದ. ನಲವತ್ತು ವರ್ಷದ ಹಿಂದಿನ ಕೈಗಳು ಕೋಣೆಯೊಳಗೆ ಬಂದವು. ಕೊನೆಯ ಚರಣ, ಎರಡನೆಯ ಸಾಲು, ಆಮೇಲೆ ಏನೂ ಇಲ್ಲ. ಬರೀ ಟೇಪಿನ ಸುಯ್ಯೆನ್ನುವಿಕೆ. ಇವನು ಉಗುರಿನಿಂದ ಕುರ್ಚಿಯ ಕೈಯನ್ನು ಕೆರೆಯುತ್ತಿದ್ದ. ಈಗ ಇಂಜಿನಿಯರ್ ತಿರುಗಿ, ಇಷ್ಟು ಚೊಕ್ಕವಾಗಿ ಯಾರೂ ನಿಲ್ಲಿಸುವುದಿಲ್ಲ, ಇದು ಅಳಿಸಿದ್ದು ಎನ್ನುತ್ತಾನೆ. ಈಗ ಎನ್ನುತ್ತಾನೆ. ಇಂಜಿನಿಯರ್ ತಿರುಗಿದ. "ಎಂಥಾ ಕೈ ಸರ್ ನಿಮ್ದು" ಎಂದ, ಮೈದುನನಿಗೆ.

"ಹೇಳಿ" ಎಂದಳು ಹೆಂಗಸು. "ಯಾಕೆ ನಿಲ್ಲಿಸಿದ್ರಿ? ಈ ಕಥೆ ನಿಮ್ಮ ಬಾಯಿಂದ್ಲೇ ಬರ್ಬೇಕು ಅಂತ ಕರೆಸಿದ್ದು. ಇವರು ಪಕ್ಕದಲ್ಲಿದ್ರೆ ನೀವು ಸಂಕೋಚ ಇಲ್ದೆ ಮಾತಾಡ್ತೀರಿ ಅಂತ ನಿಮ್ಮಕ್ಕ ಹೇಳಿದ್ರು."

ಅಷ್ಟೆಯೇ? ಒಟ್ಟಿಗೆ ಕರೆದದ್ದರ ಗುಟ್ಟು ಇಷ್ಟೆಯೇ? ಇವನಿಗೆ ನಗು ಬರುವಂತಾಯಿತು.

ಮೈದುನ ಕಟ್ಟಿದ ಕೈ ಬಿಡಿಸಿದ. "ಕಥೆ ಏನಿಲ್ಲಮ್ಮಾ. ಜಗಳನೂ ಇಲ್ಲ, ಎಂಥದೂ ಇಲ್ಲ. ಕುಡಿದಿದ್ದೆ, ನಿಂತುಹೋಯ್ತಂತೆ. ನನಗೆ ಗೊತ್ತಿಲ್ಲ. ಆದ್ರೆ ಒಂದು ವಿಚಿತ್ರ ನೋಡಿ, ಆ ಜಾಗದಿಂದ ಮುಂದೆ ಏನೋ ಇತ್ತು ಅಂತ ಕೈಗೆ ಅನ್ಸುತ್ತೆ. ಹತ್ತು ಸಲ ಬಾರಿಸಿದ್ದೆನಲ್ಲ, ಹನ್ನೊಂದನೇದಕ್ಕೆ ಬೇರೇನೋ ಹೊಳೆದಿತ್ತು. ಈಗ್ಲೂ ಹುಡುಕ್ತೀನಿ. ಭಾನುವಾರ ಭಾವನ ಮನೇಲಿ ಚಮಚ ಹಿಡ್ಕೊಂಡು ಅಲ್ಲಿವರೆಗೂ ಬರ್ತೀನಿ, ಅಲ್ಲಿಗೆ ಬಂದು ಭಾವನ ಮುಖ ನೋಡ್ತೀನಿ." ಅವನು ನಾಚಿಕೊಂಡವನಂತೆ ನಕ್ಕ. "ಆವತ್ತು ಕಿವಿಕೊಟ್ಟು ಕೇಳಿದ್ದೋರು ಅಂದ್ರೆ ಅವರೊಬ್ರೇ ಅಲ್ವಾ? ಅವರನ್ನ ನೋಡಿದ್ರೆ ನೆನಪು ಬರುತ್ತೇನೋ ಅಂತ. ಬರಲ್ಲ."

ಎರಡು ಸಾವಿರ ಭಾನುವಾರ ತನ್ನ ಮೇಲೆ ನೆಟ್ಟ ಆ ನೋಟದಲ್ಲಿ ಅವನು ಏನೇನೆಲ್ಲ ಓದಿದ್ದ! ಹಗೆ ಓದಿದ್ದ, ವ್ಯಂಗ್ಯ ಓದಿದ್ದ, ಊಟಕ್ಕೆ ಕರೆಯದಿರಲು ನೆಪ ಹುಡುಕಿದ್ದ, ಒಮ್ಮೆ ಚಮಚಗಳನ್ನೆಲ್ಲ ಒಳಗಿಡು ಎಂದು ಹೆಂಡತಿಯ ಮೇಲೆ ರೇಗಿಯೂ ಇದ್ದ. ಅಷ್ಟೂ ವರ್ಷ ಈ ಮನುಷ್ಯ ಕೇಳುತ್ತಿದ್ದದ್ದು ಒಂದು ಸಣ್ಣ ಸಹಾಯ. ಜಗತ್ತಿನಲ್ಲಿ ಎಲ್ಲರ ಮೇಲೂ ತನಗಿದ್ದ ಅನುಮಾನ ತನ್ನ ಮೇಲೆ ಮೈದುನನಿಗೆ ಒಂದು ದಿನವೂ ಬಂದಿರಲಿಲ್ಲ.

"ಚೆನ್ನಾಗಿದೆ" ಎಂದು ಹೆಂಗಸು ಬರೆದುಕೊಂಡಳು. "ಇದನ್ನೇ ಹಾಕ್ತೀನಿ. ಒಂಬತ್ತನೇದಕ್ಕೆ ಹೋಗೋಣ್ವಾ?"

ಇಂಜಿನಿಯರಿನ ಕೈ ಗುಂಡಿಯ ಮೇಲೆ ಹೋಯಿತು. ಮುಗಿಯಿತು. ಯಾರಿಗೂ ಗೊತ್ತಿಲ್ಲ, ಇನ್ನು ಮುಂದೆ ಗೊತ್ತಾಗುವುದೂ ಇಲ್ಲ. ಪುಸ್ತಿಕೆಯಲ್ಲಿ ಅಚ್ಚಾದ ಮೇಲೆ ಸುಳ್ಳಿಗೆ ಬೈಂಡೂ ಆಗುತ್ತದೆ. ಎದ್ದು ಮನೆಗೆ ಹೋಗಿ ಅಂಗಿ ಬಿಚ್ಚಿ ತಗುಲಿಸಬಹುದು.

"ತಡೀರಿ" ಎಂದದ್ದು ತನ್ನದೇ ದನಿಯೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಗಿಟಾರಿನ ಟ್ರ್ಯಾಕ್ ಇದೆಯಲ್ಲ, ನಾಲ್ಕನೇದು. ಅದೊಂದನ್ನೇ ಹಾಕಿ. ಕೊನೇ ಚರಣದಿಂದ. ಸದ್ದು ಪೂರ್ತಿ ಏರಿಸಿ."

"ಅದನ್ನ ಅಲ್ಲಿ ಮುಚ್ಚಿಸಿದ್ರಲ್ಲ ಸರ್?"

"ಹಾಡಿನಲ್ಲಿ ಮುಚ್ಚಿಸಿದ್ದು. ಟೇಪಲ್ಲಿ ಇದೆ. ಎಲ್ರೂ ಒಂದೇ ಕೋಣೇಲಿ ಬಾರಿಸಿದ್ದು. ಗಿಟಾರಿನ ಮೈಕಿಗೆ ಗಿಟಾರೊಂದೇ ಕೇಳ್ಸೋದಿಲ್ವಲ್ಲ, ಅಕ್ಕಪಕ್ಕದ್ದೂ ಬಿದ್ದಿರುತ್ತೆ."

ಗಿಟಾರು ಮೊದಲು ಬಂತು, ಒರಟಾಗಿ. ಅದರ ಹಿಂದೆ, ಪಕ್ಕದ ಮನೆಯಲ್ಲಿ ಯಾರೋ ಬಾರಿಸುತ್ತಿರುವಂತೆ, ಡ್ರಮ್ಸ್. ಚರಣ ಶುರುವಾಯಿತು. ಎರಡನೆಯ ಸಾಲು ಮುಗಿಯಿತು. ಡ್ರಮ್ಸ್ ನಿಲ್ಲಲಿಲ್ಲ. ಒಂದು ಪೆಟ್ಟು ತಡೆದು, ಕೇಳುವವರ ಉಸಿರು ಹಿಡಿಸಿ, ತಿರುಗಿ, ಅಲ್ಲಿಯವರೆಗೂ ಆ ಹಾಡಿನಲ್ಲಿ ಇಲ್ಲದ ಒಂದು ನಡೆಯನ್ನು ಹಿಡಿದು ಹೊರಟಿತು. ಹಗುರವಾಗಿ, ತುಂಟತನದಿಂದ, ಕೊನೆಯವರೆಗೂ. ಮೂವತ್ತೆಂಟು ಸೆಕೆಂಡು.

ಹೆಂಗಸಿನ ಪೆನ್ನು ಕಾಗದದ ಮೇಲೆ ನಿಂತಿತ್ತು. ಇಂಜಿನಿಯರ್ ಮೊದಲು ಅರ್ಥಮಾಡಿಕೊಂಡ. ಯಾರನ್ನೂ ನೋಡದೆ ಮಶೀನನ್ನೇ ನೋಡುತ್ತ ಕೂತ.

"ನಿಂತಿರ್ಲಿಲ್ಲ" ಎಂದ ಅವನು. "ನಾನು ಅಳಿಸಿದ್ದು. ಗುಂಡಿ ಬಿಡಿಸೋದು ಮರ್ತಿದ್ದೆ. ಕೆಲಸ ಹೋಗುತ್ತೆ, ಮದುವೆ ಮುರಿಯುತ್ತೆ ಅಂತ ನಿನ್ನ ಮೇಲೆ ಹಾಕ್ದೆ. ನಾನೇ…"

ಮೈದುನ ಅಂಗೈ ಎತ್ತಿ ತಡೆದ. "ಸುಮ್ನಿರಿ ಸ್ವಲ್ಪ." ಇಂಜಿನಿಯರ್ ಕಡೆ ತಿರುಗಿ, "ಇನ್ನೊಂದ್ಸಲ ಹಾಕಿ" ಎಂದ.

ಮತ್ತೆ ಹಾಕಿದರು. ಮತ್ತೆ. ಮೂರನೆಯ ಸಲ ಮೈದುನನ ಬೆರಳುಗಳು ಮಂಡಿಯ ಮೇಲೆ ಆ ಜಾಗವನ್ನು ಮುಟ್ಟಿ, ಒಂದು ಪೆಟ್ಟು ತಡೆದು, ದಾಟಿದವು. ನಲವತ್ತು ವರ್ಷ ಇವನು ತಾಲೀಮು ಮಾಡಿಟ್ಟುಕೊಂಡಿದ್ದ ತಪ್ಪೊಪ್ಪಿಗೆ ಅರ್ಧ ವಾಕ್ಯದಲ್ಲಿ ಗೋಡೆಯ ಪಕ್ಕ ನಿಂತಿತ್ತು, ಫೋಟೊ ತೆಗೆಯುವಾಗ ಈಚೆ ಬಂದು ನಿಂತ ಹಾಗೆ. ಆ ಕೋಣೆಯಲ್ಲಿ ಯಾರಿಗೂ ಅದು ಬೇಕಿರಲಿಲ್ಲ. ಐದನೆಯ ಸಲಕ್ಕೆ ಮೈದುನನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಕೆಳಗೆ ರಸ್ತೆಗಿಳಿದು ಇಬ್ಬರೂ ಬಸ್ಸಿಗೆ ಕಾದರು. ಬಸ್ಸು ಬಂದು ಬಾಗಿಲು ತೆರೆದಾಗ ಮೈದುನ ಹತ್ತಲಿಲ್ಲ.

"ನಾನು ನಡ್ಕೊಂಡು ಹೋಗ್ತೀನಿ" ಎಂದ. "ಈ ಭಾನುವಾರ ಬರಲ್ಲ. ಅಕ್ಕನಿಗೆ ಹೇಳಿ." ಎರಡು ಹೆಜ್ಜೆ ಹೋಗಿ ನಿಂತು, ಬೆನ್ನು ಹಾಕಿಕೊಂಡೇ ಅಂದ: "ಯಾಕೆ ಅಂತ ಕೇಳ್ತಾಳೆ. ಅದನ್ನೂ ನೀವೇ ಹೇಳಿ."

ಭಾವ ಎನ್ನಲಿಲ್ಲ. ಬಸ್ಸಿನಲ್ಲಿ ಕೂತಮೇಲೆ ಅದು ಗಮನಕ್ಕೆ ಬಂತು.

ಹೆಂಡತಿ ಬಾಗಿಲು ತೆಗೆದಳು. ಕೈಯಲ್ಲಿ ಒರೆಸುವ ಬಟ್ಟೆ, ಮುಖದಲ್ಲಿ ಕುತೂಹಲ. ಬರೀ ಕುತೂಹಲ, ಇನ್ನೇನೂ ಇಲ್ಲ. ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವನು ಆ ಮುಖವನ್ನು ಇದ್ದ ಹಾಗೆ ನೋಡಿದ. ಅವಳಿಗೆ ಏನೂ ಗೊತ್ತಿರಲಿಲ್ಲ. ಯಾವತ್ತೂ ಗೊತ್ತಿರಲಿಲ್ಲ. "ಹೇಗಾಯ್ತು? ಅವನೆಲ್ಲಿ? ಯಾವ ಕಥೆ ಹೇಳ್ದ ಅವನು?" ಎಂದು ಒಂದೇ ಉಸಿರಿಗೆ ಕೇಳಿದಳು.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಊಟದ ಮೇಜಿನ ಮೇಲೆ ತೊಳೆದು ಒರೆಸಿದ ಚಮಚಗಳಿದ್ದವು. ಭಾನುವಾರ ಮೈದುನ ಕೂರುವ ಕುರ್ಚಿಯನ್ನು ಎಳೆದು ಅವಳ ಕಡೆ ತಿರುಗಿಸಿದ.

"ಅವನೇನೂ ಹೇಳ್ಲಿಲ್ಲ" ಎಂದ. "ನಾನು ಹೇಳ್ತೀನಿ. ಕೂತ್ಕೋ."